ಗುಡ್ಡಪ್ಪನ ಮಾವನ ಗುಂಗುರು ಟಗರು

ಹೊಸಪೇಟೆಗೆ ಚಳಿ ಬಂದದ್ದು ಕಾಲುವೆ ನೀರಿನ ಜೊತೆಗೆ. ಇದನ್ನು ಸರ್ಕಾರದ ಯಾವ ವರದಿಯಲ್ಲೂ ಬರೆದಿಲ್ಲ. ಕಾಲುವೆಯ ಕಚೇರಿಯೊಂದರಲ್ಲಿ ಇಪ್ಪತ್ತು ವರ್ಷ ಟೈಪು ಹೊಡೆದವನು ಹೇಳುತ್ತಿದ್ದೇನೆ, ನಂಬಬಹುದು. ಅದಕ್ಕೆ ಮೊದಲು ನಮ್ಮ ಕಡೆ ಬಿಸಿಲು, ಇನ್ನೂ ಬಿಸಿಲು ಎಂದು ಎರಡೇ ಕಾಲ. ಗದ್ದೆಗೆ ನೀರು ಬಂತು, ಭತ್ತ ಬಂತು, ಕಬ್ಬು ಬಂತು, ಕಂಪ್ಲಿಯವರು ಮೋಟಾರ್ ಸೈಕಲ್ ಕೊಂಡರು, ಆಮೇಲೆ ಡಿಸೆಂಬರ್ ಬಂತೆಂದರೆ ಜನ ಬೆಳಿಗ್ಗೆ ಏಳರಿಂದ ಎಂಟರವರೆಗೆ ಚಳಿ ಚಳಿ ಎಂದು ಕೈ ಉಜ್ಜತೊಡಗಿದರು. ಒಂಬತ್ತಕ್ಕೆ ಬೆವರುತ್ತಿದ್ದರು. ಆದರೂ ಆ ಒಂದು ತಾಸಿನ ಮರ್ಯಾದೆಗಾಗಿ ಮನೆಗೊಂದು ಸ್ವೆಟರ್ ಬೇಕಾಯಿತು.

ನಮ್ಮ ವಠಾರದ ಅಕ್ಕನಾಗಮ್ಮ ಈ ಒಂದು ತಾಸಿನ ಚಳಿಯಲ್ಲೇ ಹೆಸರು ಮಾಡಿದವಳು. ಅವಳು ಹೆಣೆದ ಸ್ವೆಟರ್ ತೊಟ್ಟವರು ಒಂಬತ್ತು ಗಂಟೆಯಾದರೂ ಬಿಚ್ಚದೆ ಬೆವರುತ್ತ ಕೂತಿರುತ್ತಿದ್ದರು, ಅಷ್ಟು ಚೆಂದ. ಅವಳ ಗಂಡ ಗುಡ್ಡಪ್ಪ ನನ್ನ ಕಚೇರಿಯಲ್ಲೇ ಗುಮಾಸ್ತ. ಪಕ್ಕದ ಮೇಜು, ಪಕ್ಕದ ಮನೆ. ಕುಡಿಯುವುದಿಲ್ಲ, ಇಸ್ಪೀಟು ಮುಟ್ಟುವುದಿಲ್ಲ, ಯಾರ ಮೇಲೂ ಚಾಡಿ ಹೇಳುವುದಿಲ್ಲ. ಅವನಲ್ಲಿದ್ದ ತೊಂದರೆ ಒಂದೇ. ಯಾರಾದರೂ ಏನಾದರೂ ಕೇಳಿದರೆ, ನಿಜವಾದ ಉತ್ತರ ಗಂಟಲಿಗೆ ಬರುವಷ್ಟರಲ್ಲಿ ಅದಕ್ಕಿಂತ ಚೆಂದದ ಇನ್ನೊಂದು ಉತ್ತರ ಬಾಯಿಂದ ಹೊರಗೆ ಬಿದ್ದಿರುತ್ತಿತ್ತು. ಬಿದ್ದಮೇಲೆ ಅದನ್ನು ನೋಡಿ ಅವನಿಗೇ ಎಲ್ಲರಿಗಿಂತ ಹೆಚ್ಚು ಆಶ್ಚರ್ಯ.

ಅಕ್ಕನಾಗಮ್ಮನ ಉಲ್ಲನ್ ದಾರ ಅಂಗಡಿಯದಲ್ಲ. ಬಸ್ ಸ್ಟ್ಯಾಂಡಿನ ಮುಂದೆ ಕೆಂಚಣ್ಣ ಎಂಬುವನು ತಾಡಪಾಲು ಹಾಸಿ, ಹಡಗಿನಲ್ಲಿ ಪರದೇಶದಿಂದ ಬಂದ ಹಳೇ ಸ್ವೆಟರುಗಳನ್ನು ರಾಶಿ ಹಾಕಿ ಮಾರುತ್ತಿದ್ದ. ಬೇರೆಯವರು ಬಣ್ಣ ನೋಡಿ ಆರಿಸಿದರೆ ಅಕ್ಕನಾಗಮ್ಮ ಸ್ವೆಟರನ್ನು ಒಳಗುಹೊರಗು ಮಾಡಿ ಬದಿಯ ಹೊಲಿಗೆ ನೋಡುತ್ತಿದ್ದಳು. ಕತ್ತರಿಸಿ ಹೊಲಿದ ಸ್ವೆಟರಾದರೆ ಬಿಚ್ಚಿದಾಗ ದಾರ ಗೇಣುಗೇಣಿಗೆ ತುಂಡು. ಕತ್ತರಿ ತಾಗದೆ ಅಂಚಿಗೆ ಅಂಚು ಕೂಡಿಸಿದ್ದಾದರೆ ಒಂದು ಎಳೆ ಹಿಡಿದು ಎಳೆದರೆ ಸಾಕು, ಇಡೀ ತೋಳು ಸರಸರ ಬಿಚ್ಚಿಕೊಳ್ಳುತ್ತದೆ. ಕೆಂಚಣ್ಣ ಒಮ್ಮೆ ಬೇಸತ್ತು, "ಅಕ್ಕಾರ, ಸ್ವೆಟರ್ ಕೊಳ್ಳಾಕ ಬಂದೀರೋ, ಅದಕ್ಕ ಆಪರೇಷನ್ ಮಾಡಾಕ ಬಂದೀರೋ?" ಎಂದು ಕೇಳಿದ್ದ.

ತಂದದ್ದನ್ನು ಬಿಚ್ಚಿ, ಬೋರಲು ಹಾಕಿದ ಸ್ಟೂಲಿನ ನಾಲ್ಕು ಕಾಲಿಗೆ ಸುತ್ತಿ ಲಡಿ ಮಾಡಿ, ಅಂಟುವಾಳದ ನೊರೆಯಲ್ಲಿ ತೊಳೆದು, ಹಗ್ಗಕ್ಕೆ ನೇತುಹಾಕುತ್ತಿದ್ದಳು. ಬಿಚ್ಚಿದ ದಾರ ಎಷ್ಟೋ ವರ್ಷ ಕುಣಿಕೆಯಲ್ಲಿ ಕೂತಿದ್ದದ್ದು. ಬಿಟ್ಟರೆ ಗುಂಗುರು ಗುಂಗುರಾಗಿ ನಿಲ್ಲುತ್ತದೆ. ಅದಕ್ಕೆ ಲಡಿಯ ಕೆಳಗೆ ನೀರು ತುಂಬಿದ ಒಂದು ತಂಬಿಗೆ ಕಟ್ಟಿ ಇಳಿಬಿಟ್ಟರೆ, ಒಣಗುವಷ್ಟರಲ್ಲಿ ದಾರ ನೆಟ್ಟಗಾಗಿರುತ್ತಿತ್ತು.

ಇದಿಷ್ಟೂ ಬಾಗಿಲು ಹಾಕಿಕೊಂಡು ನಡೆಯುತ್ತಿತ್ತು. ಕಾರಣ ಜಂಬಕ್ಕ. ಜಂಬಕ್ಕ ನಮ್ಮ ವಠಾರದ ನಲ್ಲಿಯ ಎದುರು ಮನೆಯವಳು. ನಲ್ಲಿಗೆ ನೀರು ಬರುವುದಕ್ಕೆ ಮೊದಲು ಅವಳಿಗೆ ಸುದ್ದಿ ಬರುತ್ತಿತ್ತು. ಒಂದು ದಿನ ಕೊಡ ತುಂಬುತ್ತ, "ಆ ಕೆಂಚಣ್ಣನ ಅರಿವಿ ಮುಟ್ಟಬ್ಯಾಡ್ರವ್ವ. ಅವೆಲ್ಲ ಸತ್ತ ಬಿಳೇರ ಮೈಮ್ಯಾಲಿಂದ ಬಿಚ್ಚಿ ಕಳಿಸಿದ್ವಂತ" ಎಂದು ತೀರ್ಪು ಕೊಟ್ಟಳು. ಅಂದಿನಿಂದ ಗುಡ್ಡಪ್ಪನಿಗೆ ನಡುಕ. ಸತ್ತವರ ಬಟ್ಟೆಯ ಮನೆ ಎಂದು ವಠಾರದಲ್ಲಿ ಹೆಸರು ಬಂದರೆ ಮುಗಿಯಿತು. ಅಕ್ಕನಾಗಮ್ಮ ಮಾತ್ರ, "ತೊಳದ ಮ್ಯಾಲ ಎಂಥಾ ಮೈಲಿಗಿ? ಬಿಡ್ರಿ" ಎಂದು ಹೆಣಿಗೆಯ ಕಡ್ಡಿ ಆಡಿಸುತ್ತಿದ್ದಳು. ಗಂಡನ ಮುಖ ನೋಡಿ ಬಾಗಿಲಷ್ಟು ಹಾಕಿಕೊಂಡಳು.

ಎಂಬತ್ತೊಂದನೇ ಇಸವಿ ಡಿಸೆಂಬರಿನ ಒಂದು ಬೆಳಿಗ್ಗೆ ಗುಡ್ಡಪ್ಪ ಸ್ನಾನಕ್ಕೆ ತಂಬಿಗೆ ಸಿಗದೆ ಹಿತ್ತಲಿಗೆ ಹೋಗಿ, ಲಡಿಗೆ ಕಟ್ಟಿದ್ದ ತಂಬಿಗೆಯನ್ನೇ ಬಿಚ್ಚಿಕೊಂಡ. ಹಿತ್ತಲಿಗೆ ಬಿಸಿಲು ಬಂದಿರಲಿಲ್ಲ, ಬರೀ ದಾರ ಕಂಡರೆ ಯಾರಿಗೇನು ತಿಳಿದೀತು ಎಂದು ಆ ಲಡಿಯನ್ನು ತಂದು ಮುಂದಿನ ಹಗ್ಗಕ್ಕೆ ಹಾಕಿದ. ಕೆನೆ ಬಣ್ಣದ ಲಡಿ ಅದು, ಭಾರವಿಲ್ಲದ್ದೇ ತಡ ಮೈಯೆಲ್ಲ ಗುಂಗುರು ಮಾಡಿಕೊಂಡು ಬಿಸಿಲು ಕಾಯುತ್ತ ನಿಂತಿತು.

ಅದೇ ಹೊತ್ತಿಗೆ ಮೂಲೆಮನೆಗೆ ಹೊಸದಾಗಿ ಬಾಡಿಗೆಗೆ ಬಂದಿದ್ದ ಡಾಕ್ಟರ್ ನಾಗೇಂದ್ರಪ್ಪನವರು ಆ ದಾರಿಯಲ್ಲಿ ಬಂದರು. ಅವರು ಕುರಿಗಳ ಡಾಕ್ಟರು, ದಾವಣಗೆರೆ ಕಡೆಯವರು, ಓದು ಮುಗಿಸಿ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ನಮ್ಮ ಜಿಲ್ಲೆಯ ಕುರಿಗಳ ಉಣ್ಣೆಯನ್ನು ಮೆತ್ತಗೆ ಮಾಡಬೇಕೆಂದು ಸರ್ಕಾರ ಅವರನ್ನು ಕಳಿಸಿತ್ತು. ಆ ಕೆಲಸ ಎಲ್ಲಿಂದ ಶುರುಮಾಡಬೇಕೆಂದು ತಿಳಿಯದೆ ಅವರು ದಿನಾ ಬೆಳಿಗ್ಗೆ ವಾಕಿಂಗ್ ಹೋಗುತ್ತಿದ್ದರು.

ಲಡಿಯ ಮುಂದೆ ಅವರು ನಿಂತರು. ಮುಟ್ಟಿದರು. ಜೇಬಿನಿಂದ ಭೂತಗನ್ನಡಿ ತೆಗೆದು ಕಣ್ಣಿಗಿಟ್ಟು ಎಣಿಸತೊಡಗಿದರು. ಗುಡ್ಡಪ್ಪ ಟವೆಲ್ ಸುತ್ತಿಕೊಂಡು ತಂಬಿಗೆ ಹಿಡಿದು ಬಾಗಿಲಲ್ಲಿ ಬಂದವನು ಅಲ್ಲೇ ನಿಂತ.

"ಇದು ಯಾರ ಮನೆಯ ಉಣ್ಣೆ?" ಎಂದರು ಡಾಕ್ಟರು.

"ನಮ್ದ ರೀ."

"ಇಂಚಿಗೆ ಹನ್ನೆರಡು ಸುರುಳಿ ಇದೆಯಲ್ಲ. ಒಳ್ಳೇ ಉಣ್ಣೆಯ ಮೊದಲ ಲಕ್ಷಣವೇ ಈ ಸುರುಳಿ. ಆಸ್ಟ್ರೇಲಿಯಾದ ಕುರಿಗೆ ಇಂಥದು ಇರುತ್ತದೆ ಎಂದು ಪುಸ್ತಕದಲ್ಲಿ ಓದಿದ್ದೆ. ಎಲ್ಲಿಂದ ತಂದಿರಿ?"

ನಲ್ಲಿಯ ಹತ್ತಿರ ಜಂಬಕ್ಕನ ಕೊಡ ತುಂಬಿ ಚೆಲ್ಲುತ್ತಿತ್ತು. ಅವಳು ಕೊಡವನ್ನು ನೋಡುತ್ತಿರಲಿಲ್ಲ. ಗುಡ್ಡಪ್ಪ ಡಾಕ್ಟರನ್ನು ನೋಡಿದ, ಜಂಬಕ್ಕನನ್ನು ನೋಡಿದ. ಬಸ್ ಸ್ಟ್ಯಾಂಡು, ಕೆಂಚಣ್ಣ, ಹಡಗು, ಸತ್ತ ಬಿಳಿಯರು, ಎಲ್ಲ ಅವನ ಗಂಟಲವರೆಗೆ ಬಂದು ಸಾಲಾಗಿ ನಿಂತವು.

"ನಮ್ಮ ಮಾವನ ಕುರಿದು ರೀ," ಎಂದ. "ವಡ್ಡಿನಾಗ ಅದಾವ."

"ವಡ್ಡು? ಸಂಡೂರಿನ ಹತ್ತಿರದ ವಡ್ಡು? ಅಲ್ಲಿನ ಕುರಿಯ ಉಣ್ಣೆ ಕಂಬಳಿಗೆ ಆಗುವಂಥದು, ಒರಟು. ನಿಮ್ಮ ಮಾವನ ಕುರಿಗಳು ನೋಡುವುದಕ್ಕೆ ಬೇರೆ ಥರ ಇವೆಯೇ?"

"ಕುರಿ ನೋಡಾಕ ಕುರಿ ಹಂಗ ಅದಾವ ರೀ. ಟಗರೊಂದು ಸ್ವಲ್ಪ ಗುಂಗುರು."

ಹೀಗೆ ಆ ಟಗರು ಸರ್ಕಾರದ ಕಡತಕ್ಕೆ ಪ್ರವೇಶ ಮಾಡಿತು. ಡಾಕ್ಟರು ವಾಕಿಂಗ್ ಅರ್ಧಕ್ಕೆ ಬಿಟ್ಟು ಓಡುನಡಿಗೆಯಲ್ಲಿ ಮನೆಗೆ ಹೋದರು.

ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದ ಅಕ್ಕನಾಗಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಗೋಡೆಯ ಈಚೆಗಿದ್ದ ನನಗೆ ಮುಂದಿನದೆಲ್ಲ ಕೇಳಿಸಿತು.

"ನಮ್ಮಪ್ಪನ ಟಗರು ಗುಂಗುರು ಆಗಿದ್ದು ಯಾವಾಗ?"

"ಬಾಯಿಗೆ ಬಂತು, ಅಂದೆ."

"ಹತ್ತು ದಿನ ಕಣ್ಣಿಗಿ ಎಣ್ಣಿ ಬಿಟ್ಕೊಂಡು ಬಿಚ್ಚಿದಾಕಿ ನಾನು, ತೊಳದಾಕಿ ನಾನು, ಗಂಟು ಕಾಣದಂಗ ಕೂಡಿಸಿದಾಕಿ ನಾನು. ಹೆಸರು ಟಗರಿಗೆ. ಹೋಗಿ ಇದ್ದದ್ದು ಇದ್ದಂಗ ಹೇಳಿ ಬರ್ರಿ."

ಮಾತು ನ್ಯಾಯವಾದದ್ದೇ. ಗುಡ್ಡಪ್ಪ ಸಂಜೆ ನಿಜ ಹೇಳುವುದಕ್ಕೆ ಹೊರಟ, ಧೈರ್ಯಕ್ಕೆ ನನ್ನನ್ನೂ ಕರೆದುಕೊಂಡ. ಡಾಕ್ಟರು ಮೇಜಿನ ಮೇಲೆ ಜಿಲ್ಲೆಯ ನಕ್ಷೆ ಹರಡಿ ವಡ್ಡಿನ ಸುತ್ತ ಕೆಂಪು ವೃತ್ತ ಎಳೆದಿದ್ದರು. ನಮಗೆ ಚಹಾ ಬಂತು, ಬಿಸ್ಕತ್ತು ಬಂತು.

"ಸಾಹೇಬ್ರ, ಆ ಉಣ್ಣಿ ವಿಚಾರ..." ಎಂದು ಗುಡ್ಡಪ್ಪ ಶುರುಮಾಡಿದ.

"ಎಷ್ಟಿದೆ ನಿಮ್ಮ ಹತ್ತಿರ?"

"ಎಲ್ಡು ಲಡಿ ರೀ. ಆದ್ರ ಅದು ಇದ್ದದ್ದು..."

"ಒಂದೇ ಟಗರಿನಿಂದ ಎರಡು ಲಡಿ," ಎಂದು ಡಾಕ್ಟರು ಬರೆದುಕೊಂಡರು. "ಗುಡ್ಡಪ್ಪನವರೇ, ಮೂರು ತಿಂಗಳಿಂದ ಊಟ ಸೇರಿರಲಿಲ್ಲ ನನಗೆ. ಮೇಲಿನವರು ದಿನಾ ಕಾಗದ ಬರೆದು ಏನು ಮಾಡಿದೆ ಎಂದು ಕೇಳುತ್ತಾರೆ. ಇವತ್ತು ಅವರಿಗೆ ಉತ್ತರ ಬರೆದೆ. ನೀವು ದೇವರ ಹಾಗೆ ಸಿಕ್ಕಿರಿ."

ದೇವರ ಹಾಗೆ ಸಿಕ್ಕವನು ನಿಜ ಹೇಳುವುದು ಹೇಗೆ? ಗುಡ್ಡಪ್ಪ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿದ, ಅದು ಮುರಿದು ಒಳಗೆ ಬಿತ್ತು, ಅದನ್ನು ಚಮಚದಲ್ಲಿ ಹುಡುಕುತ್ತ ಕೂತ. ಅದು ಸಿಗುವಷ್ಟರಲ್ಲಿ ಮುಂದಿನ ಸೋಮವಾರ ವಡ್ಡಿನಲ್ಲಿ ಟಗರಿನ ತಪಾಸಣೆ ಎಂದು ನಿಗದಿಯಾಗಿತ್ತು. ಮನೆಗೆ ಬಂದು ಹೆಂಡತಿಯ ಮುಂದೆ, "ಹೇಳಿದ್ನೋ ಇಲ್ಲೋ, ಕೇಳು ಇವ್ರನ್ನ" ಎಂದು ನನ್ನ ಕಡೆ ಕೈತೋರಿಸಿದ. ನಾನು ಚಪ್ಪಲಿ ಹುಡುಕುವವನ ಹಾಗೆ ಹೊರಗೆ ಬಂದೆ.

ಆ ವಾರ ನಮ್ಮ ವಠಾರ ವಠಾರವಾಗಿ ಉಳಿಯಲಿಲ್ಲ. ಕಂಪ್ಲಿಯಿಂದ ಒಬ್ಬ ಗದ್ದೆಯ ಸಾಹುಕಾರ ಮೋಟಾರ್ ಸೈಕಲ್ಲಿನ ಹಿಂದೆ ಒಂದು ಕಟ್ಟು ಕಬ್ಬು ಕಟ್ಟಿಕೊಂಡು ಬಂದು, ಗುಂಗುರು ಟಗರಿನ ಮರಿ ಈಗಲೇ ತನಗೆ ಬರೆದುಕೊಡಬೇಕು ಎಂದು ಪಟ್ಟು ಹಿಡಿದ. "ಮರಿ ಇನ್ನೂ ಹುಟ್ಟಿಲ್ಲ ರೀ" ಎಂದರೆ, "ಹುಟ್ಟೂತನಕ ಅದರ ತಾಯಿ ತಿನ್ಲಿ" ಎಂದು ಕಬ್ಬಿನ ಕಟ್ಟು ಇಳಿಸಿ ಹೋದ. ಕಚೇರಿಯ ಹೆಡ್ ಗುಮಾಸ್ತ ವಿರೂಪಾಕ್ಷಪ್ಪನವರು ಗುಡ್ಡಪ್ಪನಿಗೆ ಎದ್ದು ಕುರ್ಚಿ ಕೊಟ್ಟರು. ಅಲ್ಲಿಯವರೆಗಿನ ಹದಿನೇಳು ವರ್ಷದ ನೌಕರಿಯಲ್ಲಿ ನನಗೆ ಅವರು ಸ್ಟೂಲು ಕೊಟ್ಟದ್ದೂ ಇಲ್ಲ. ಜಂಬಕ್ಕನಂತೂ ಅಕ್ಕನಾಗಮ್ಮನ ಬಾಗಿಲಿಗೆ ಬಂದು, "ನಂಗೂ ಒಂದು ಹೆಣಿಯವ್ವ. ನಮ್ಮ ಕಡಿ ಕುರಿದು, ನಮ್ಮ ಕಣ್ಣೆದುರಿಂದು, ಅದಕ್ಕ ಮೈಲಿಗಿ ಇಲ್ಲ" ಎಂದಳು. ಅಕ್ಕನಾಗಮ್ಮ ನಕ್ಕು ಅಳತೆ ತೆಗೆದುಕೊಂಡಳು. ಆ ನಗು ನನಗೆ ಹಿಡಿಸಲಿಲ್ಲ, ಬಿರುಗಾಳಿಗೆ ಮೊದಲು ಇಂಥದೇ ಒಂದು ತಂಪು ಬರುತ್ತದೆ.

ಶನಿವಾರದ ಹೊತ್ತಿಗೆ ಕೆನೆ ಬಣ್ಣದ ಆ ಎರಡು ಲಡಿ ಗುಡ್ಡಪ್ಪನ ಮೈಮೇಲೆ ಸ್ವೆಟರಾಗಿ ಕೂತಿತ್ತು. ತೋಳಿಲ್ಲದ್ದು. ಅಕ್ಕನಾಗಮ್ಮ ಕುತ್ತಿಗೆಯಿಂದ ಶುರುಮಾಡಿ ಕೆಳಗೆ ಸುತ್ತಲೂ ಹೆಣೆದು ಸೊಂಟದಲ್ಲಿ ಗಂಟು ಹಾಕಿ ಮುಗಿಸುವವಳು. "ಸೋಮವಾರ ಇದನ್ನ ತೊಟ್ಕೊಂಡ ಹೋಗ್ರಿ, ಸಾಹೇಬ್ರು ನೋಡ್ಲಿ" ಎಂದು ತಾನೇ ತೊಡಿಸಿದಳು. ಹೆಂಡತಿ ಒಪ್ಪಿದಳು ಎಂದುಕೊಂಡು ಗುಡ್ಡಪ್ಪ ಹಿಗ್ಗಿದ.

ಭಾನುವಾರ ನಾವಿಬ್ಬರೂ ಸಂಡೂರಿನ ಬಸ್ಸು ಹತ್ತಿ ವಡ್ಡಿಗೆ ಹೋದೆವು. ದೋಣಿಮಲೈ ಗಣಿಯ ಸ್ಟಾಫ್ ಬಸ್ಸು ನಮ್ಮನ್ನು ಹಿಂದೆ ಹಾಕಿ ಹೋಯಿತು, ಅದರ ಧೂಳಿಗೆ ಕೆನೆ ಸ್ವೆಟರ್ ಅರ್ಧ ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಮಾವ ಉಚ್ಚೆಂಗಪ್ಪನಿಗೆ ಅರವತ್ತರ ಮೇಲೆ, ನಲವತ್ತು ಕುರಿಯ ಹಿಂಡು. ಟಗರು ಒಂದೇ. ದಪ್ಪ ಕೋಡು, ಒರಟು ಉಣ್ಣೆ, ಲೋಕದ ಮೇಲೆ ಒಂದು ರೀತಿಯ ಸಿಟ್ಟು. ಎಲ್ಲ ಟಗರುಗಳ ಹಾಗೆಯೇ ಇತ್ತು. ಗುಂಗುರು ಎಂಬುದು ಅದರ ಕನಸಿನಲ್ಲೂ ಇರಲಿಲ್ಲ.

ಗುಡ್ಡಪ್ಪ ವಿಷಯವನ್ನೆಲ್ಲ ಹೇಳಿ ಮುಗಿಸಿ ತನ್ನ ಉಪಾಯ ಹೊರಗೆ ತೆಗೆದ. ಎರಡು ಜಡೆ ಹೆಣೆದು ಮಲಗಿದ ಹುಡುಗಿಯರು ಬೆಳಿಗ್ಗೆ ಜಡೆ ಬಿಚ್ಚಿದರೆ ಕೂದಲು ಗುಂಗುರಾಗಿರುತ್ತದೆ. ಕೂದಲಿಗೆ ಆಗುವುದು ಉಣ್ಣೆಗೆ ಯಾಕೆ ಆಗಬಾರದು?

ಉಚ್ಚೆಂಗಪ್ಪ ಟಗರಿನ ಮುಖವನ್ನು ಅಳಿಯನ ಕಡೆ ತಿರುಗಿಸಿದ.

"ಅಳಿಯಂದ್ರ, ಇದು ಟಗರು. ಮದುವಿ ಹೆಣ್ಣಲ್ಲ."

"ಒಂದ ದಿನದ ಮಾತು ಮಾವ. ಸಾಹೇಬ್ರು ಬರ್ತಾರ, ನೋಡ್ತಾರ, ಬರ್ಕೊಂತಾರ, ಹೋಗ್ತಾರ. ಸರಕಾರದವರು ಅದಕ್ಕಿಂತ ಹೆಚ್ಚು ಎಲ್ಲಿ ಏನ್ ಮಾಡ್ಯಾರ?"

ಅತ್ತೆ ಸುಂಕಮ್ಮ ಮೊಮ್ಮಕ್ಕಳ ರಿಬ್ಬನ್ನುಗಳ ಗಂಟು ತಂದಳು. ಉಚ್ಚೆಂಗಪ್ಪ ಕೋಡು ಹಿಡಿದ, ನಾನು ಹಿಂಗಾಲು ಹಿಡಿದೆ. ಸರ್ಕಾರಿ ನೌಕರನೊಬ್ಬ ಭಾನುವಾರ ಮಧ್ಯಾಹ್ನ ಟಗರಿನ ಹಿಂಗಾಲು ಹಿಡಿಯಬಾರದು ಎಂದು ಯಾವ ನಿಯಮದಲ್ಲೂ ಇಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಸುಂಕಮ್ಮ ಮತ್ತು ಗುಡ್ಡಪ್ಪ ಉಣ್ಣೆ ನೆನೆಸಿ ಬೆರಳುದ್ದದ ಜಡೆ ಹೆಣೆಯುತ್ತ, ಒಂದೊಂದಕ್ಕೂ ರಿಬ್ಬನ್ ಕಟ್ಟುತ್ತ ಹೋದರು. ಟಗರು ಒಂದು ರಿಬ್ಬನ್ ತಿಂದಿತು. ಎಡಗಡೆ ಮುಗಿದು ಬಲಗಡೆಗೆ ಬರುವಷ್ಟರಲ್ಲಿ ಅದಕ್ಕೆ ಸಾಕಾಗಿ, ಮೊದಲು ನನ್ನನ್ನು, ಆಮೇಲೆ ಗುಡ್ಡಪ್ಪನನ್ನು ಗುಮ್ಮಿ, ಜಾಲಿಯ ಬೇಲಿಯೊಳಕ್ಕೆ ನುಗ್ಗಿತು. ಅವತ್ತು ಮತ್ತೆ ಯಾರ ಕೈಗೂ ಸಿಗಲಿಲ್ಲ. ಬಲಗಡೆ ಹಾಗೆಯೇ ಉಳಿಯಿತು.

ಸೋಮವಾರ ಹತ್ತು ಗಂಟೆಗೆ ಜೀಪು ಬಂತು. ಡಾಕ್ಟರ ಜೊತೆ ಅಕ್ಕನಾಗಮ್ಮನೂ ಇಳಿದಳು. ಟಗರಿನ ಮಾಲೀಕರ ಮಗಳೆಂದು ಡಾಕ್ಟರು ಗೌರವದಿಂದ ಮುಂದಿನ ಸೀಟು ಕೊಟ್ಟಿದ್ದರು. ಜೀಪಿನ ಹಿಂದೆ ಒಂದು ಖಾಲಿ ಲಾರಿ. ಆ ಲಾರಿ ಯಾಕೆ ಬಂತೆಂದು ಆಗ ಯಾರೂ ಕೇಳಲಿಲ್ಲ. ವಡ್ಡಿನ ಅರ್ಧ ಊರು ಸೇರಿತ್ತು. ಬೆಳಗಿನ ಜಾವದ ಕತ್ತಲಲ್ಲೇ ಮಾವನ ಜೊತೆ ಬೇಲಿಗೆ ಹೋಗಿ, ಟಗರಿಗೆ ಹಗ್ಗ ಹಾಕಿ ತಂದು ಜಡೆಗಳನ್ನು ಬಿಚ್ಚಿದ್ದ ಗುಡ್ಡಪ್ಪ ಟಗರಿನ ಪಕ್ಕ ಸ್ವೆಟರ್ ತೊಟ್ಟು ಎದೆ ಸೆಟೆಸಿ ನಿಂತಿದ್ದ.

ಡಾಕ್ಟರು ಎಡಗಡೆಗೆ ಹೋದರು. ಉಣ್ಣೆ ಅಲೆಅಲೆಯಾಗಿ ಇಳಿದಿತ್ತು. ಅವರ ಕಣ್ಣಲ್ಲಿ ನೀರು ಬಂತು. ಬಲಗಡೆಗೆ ಹೋದರು. ಅಲ್ಲಿ ವಡ್ಡಿನ ಕುರಿ ಇತ್ತು. ಮತ್ತೆ ಎಡಗಡೆಗೆ ಬಂದರು, ಬಾಲದ ಹಿಂದೆ ನಿಂತು ಎರಡೂ ಕಡೆ ಒಟ್ಟಿಗೆ ನೋಡಿದರು. ಗುಡ್ಡಪ್ಪನ ಎದೆ ಸ್ವಲ್ಪ ಇಳಿಯಿತು.

"ಅದ್ಭುತ," ಎಂದರು ಡಾಕ್ಟರು ಮೆಲ್ಲಗೆ. "ಒಂದು ಪಕ್ಕ ತಂದೆಯ ಗುಣ, ಒಂದು ಪಕ್ಕ ತಾಯಿಯ ಗುಣ. ಸೇರಿಕೊಳ್ಳದೆ ಬೇರೆ ಬೇರೆ ನಿಂತಿವೆ. ಇದು ಪುಸ್ತಕದಲ್ಲಿಯೂ ಇಲ್ಲ."

ಓದಿದವರು ಕಾರಣ ಹುಡುಕಿಕೊಳ್ಳುವ ವೇಗಕ್ಕೆ ಗುಡ್ಡಪ್ಪನಂಥ ನುರಿತವನೂ ಸಾಟಿಯಲ್ಲ ಎಂದು ನಾನು ಅವತ್ತು ಕಲಿತೆ. ಡಾಕ್ಟರು ಜೀಪಿನಿಂದ ಒಂದು ಪ್ರಶಸ್ತಿ ಪತ್ರ ತೆಗೆದರು. ದಪ್ಪ ಕಾಗದ, ಸುತ್ತ ಬಂಗಾರದ ಬಳ್ಳಿ, 'ಉತ್ತಮ ಉಣ್ಣೆಗಾಗಿ' ಎಂದು ಅಚ್ಚಾಗಿತ್ತು. ಜನರ ಕಡೆ ತಿರುಗಿ, ಈ ಟಗರನ್ನು ಇವತ್ತೇ ಸರ್ಕಾರದ ಕುರಿ ಫಾರಮ್ಮಿಗೆ ಒಯ್ಯುವುದಾಗಿ ಸಾರಿದರು. ಲಾರಿಯ ಹಿಂಬಾಗಿಲು ಬಿಚ್ಚುವ ಸದ್ದು ಕೇಳಿಸಿತು.

ಉಚ್ಚೆಂಗಪ್ಪ ಮುಂದೆ ಬಂದ. "ಸಾಹೇಬ್ರ, ತಿರುಗಿ ಯಾವಾಗ ಬಿಡ್ತೀರಿ?"

"ಬಿಡುವ ಪ್ರಶ್ನೆ ಇಲ್ಲ ಯಜಮಾನರೇ. ಇನ್ನು ಇದು ದೇಶದ ಟಗರು."

"ನನ್ನ ನಲವತ್ತು ಕುರಿಗೂ ಇದೊಂದ ಐತ್ರಿ. ಇದು ಹ್ವಾದ್ರ ಮುಂದಿನ ವರ್ಷ ನನ್ನ ಹಿಂಡಿನಾಗ ಒಂದು ಮರಿ ಕಾಣಂಗಿಲ್ಲ. ಮರಿ ಇದ್ದಾಗಿಂದ ನನ್ನ ಕೈಯಾಗ ಮೇದು ಬೆಳದೈತಿ ಇದು."

"ನಿಮ್ಮ ತ್ಯಾಗ ದೊಡ್ಡದು," ಎಂದರು ಡಾಕ್ಟರು, ನಿಜವಾಗಿಯೂ ಕರಗಿ.

ಉಚ್ಚೆಂಗಪ್ಪ ಅಳಿಯನ ಕಡೆ ನೋಡಿದ. ಬೈಯಲಿಲ್ಲ. ಹೆಗಲ ಟವೆಲಿನಿಂದ ಟಗರಿನ ಮುಖ ಒರೆಸಿದ, ಅದೇ ಟವೆಲಿನಿಂದ ತನ್ನ ಮುಖವನ್ನೂ ಒರೆಸಿಕೊಂಡ. ನನಗೆ ಗುಡ್ಡಪ್ಪನ ಮೇಲೆ ಅಂಥ ಸಿಟ್ಟು ಎಂದೂ ಬಂದಿರಲಿಲ್ಲ. ಬೆನ್ನಿಗೆ ಒಂದು ಗುದ್ದಿ, "ಹೇಳೋ" ಎಂದೆ.

ಗುಡ್ಡಪ್ಪ ಮುಂದೆ ಬಂದ. ಬಾಯಿ ತೆರೆದ. ಈ ಸಲ ನಿಜ ಬರುತ್ತದೆ ಎಂದು ನಾನೂ ನಂಬಿದೆ, ಅವನೂ ನಂಬಿದ್ದ.

"ಸಾಹೇಬ್ರ, ಈ ಟಗರಿಗೆ ಲಾರಿ ಪ್ರಯಾಣ ಆಗಂಗಿಲ್ಲ ರೀ. ವಾಂತಿ ಮಾಡ್ಕೊಂತೈತಿ."

"ಔಷಧ ಇದೆ," ಎಂದರು ಡಾಕ್ಟರು.

ಆಗ ಹೆಂಗಸರ ಗುಂಪಿನಲ್ಲಿ ತಾಯಿಯಿಂದ ಜಡೆಯ ಕತೆ ಕೇಳಿಕೊಂಡಿದ್ದ ಅಕ್ಕನಾಗಮ್ಮ ಮುಂದೆ ಬಂದಳು. "ಸಾಹೇಬ್ರ, ಒಂದು ನಿಮಿಷ" ಎಂದು ಗಂಡನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಸೊಂಟದ ಅಂಚಿನಲ್ಲಿ ತಾನೇ ಹಾಕಿದ್ದ ಗಂಟನ್ನು ಹುಡುಕಿ ಹಲ್ಲಿನಿಂದ ಕಡಿದಳು. ಎಳೆ ಹಿಡಿದು ಎಳೆದಳು.

ಸ್ವೆಟರ್ ಬಿಚ್ಚಿಕೊಳ್ಳತೊಡಗಿತು. ಅದು ಸುತ್ತಲೂ ಹೆಣೆದದ್ದು, ಎಳೆದಂತೆಲ್ಲ ದಾರ ಗುಡ್ಡಪ್ಪನನ್ನು ಸುತ್ತು ಹಾಕಬೇಕು. ಅವಳು ಎಳೆಯುವ ರಭಸಕ್ಕೆ ಅವನೇ ಸುತ್ತತೊಡಗಿದ. "ಏ, ಏನ್ ಮಾಡ್ತೀ?" ಎಂದು ಡಾಕ್ಟರ ಕಡೆ ಮುಖವಿದ್ದಾಗ ಕೇಳಿದ, "ಮಂದಿ ನೋಡಾಕತ್ಯಾರ" ಎಂದು ಊರಿನ ಕಡೆ ಮುಖವಿದ್ದಾಗ ಹೇಳಿದ, "ಮಾವ, ನೀವಾರ ಹೇಳ್ರಿ" ಎನ್ನುವಾಗ ಅವನ ಮುಖ ಲಾರಿಯ ಕಡೆ ಇತ್ತು. ಸುಂಕಮ್ಮ ಏನೂ ಕೇಳದೆ ಮಗಳ ಪಕ್ಕ ಕೂತು ಬಂದ ದಾರವನ್ನು ಉಂಡೆ ಸುತ್ತತೊಡಗಿದಳು. ಬನಿಯನ್ನಿನ ತೂತುಗಳು ಕಂಡವು, ಒಂದು ತೂತಿನಲ್ಲಿ ಹೊಕ್ಕಳು ಕಂಡಿತು. ಊರ ಜನ ಸುತ್ತು ಎಣಿಸುತ್ತಿದ್ದರು, ಹೆಂಗಸರು ಸೆರಗು ಬಾಯಿಗಿಟ್ಟುಕೊಂಡಿದ್ದರು. ಟಗರು ಮೇಯುವುದನ್ನು ಬಿಟ್ಟು ನೋಡುತ್ತಿತ್ತು. ಎದೆಯವರೆಗೆ ಬಂದಾಗ ಅಕ್ಕನಾಗಮ್ಮ ನಿಲ್ಲಿಸಿದಳು. ಗುಡ್ಡಪ್ಪ ಇನ್ನೂ ಎರಡು ಸುತ್ತು ಸುತ್ತಿ ನಿಂತ.

ಅವಳು ಒಂದು ಮಾರು ದಾರವನ್ನು ಡಾಕ್ಟರ ಅಂಗೈಯಲ್ಲಿಟ್ಟಳು. ಗುಂಗುರು 'ನಾನಿದ್ದೇನೆ' ಎಂದು ಎದ್ದು ಕೂತಿತ್ತು.

"ಗಾಜು ಇಟ್ಟು ಎಣಸ್ರಿ."

ಡಾಕ್ಟರು ಭೂತಗನ್ನಡಿ ಇಟ್ಟು ಎಣಿಸಿದರು. ಎರಡು ಸಲ ಎಣಿಸಿದರು. "ಹನ್ನೆರಡು" ಎಂದರು.

"ಇದು ಯಾವ ಟಗರಿಂದೂ ಅಲ್ಲ ರೀ. ಹಳೇ ಸ್ವೆಟರಿಂದು. ಬಸ್ ಸ್ಟ್ಯಾಂಡಿನ್ಯಾಗ ಕೆಂಚಣ್ಣನ ಹತ್ರ ಆರಿಸಿ ತರ್ತೀನಿ, ಬಿಚ್ತೀನಿ, ತೊಳೀತೀನಿ, ಹೊಸಾದು ಹೆಣೀತೀನಿ. ಹೆಣಿಕಿಯಾಗಿದ್ದ ದಾರ ಬಿಚ್ಚಿದ್ರ ಹಿಂಗ ಗುಂಗುರು ನಿಲ್ಲತೈತಿ. ತಂಬಿಗಿ ಕಟ್ಟಿ ಇಳಿಬಿಟ್ರ ನೆಟ್ಟಗಾಗತೈತಿ. ಅವತ್ತು ತಂಬಿಗಿ ಬಿಚ್ಕೊಂಡಿದ್ರು."

"ಮತ್ತೆ ಈ ಟಗರಿನ ಎಡಗಡೆ?"

ಅಕ್ಕನಾಗಮ್ಮ ಬಗ್ಗಿ ಟಗರಿನ ಹೊಟ್ಟೆಯ ಕೆಳಗೆ ಕೈಹಾಕಿ, ಬಿಚ್ಚುವಾಗ ಮರೆತುಹೋಗಿದ್ದ ಒಂದು ಪುಟ್ಟ ಜಡೆಯನ್ನು ಎಳೆದು ತೋರಿಸಿದಳು. ತುದಿಯಲ್ಲಿ ಗುಲಾಬಿ ರಿಬ್ಬನ್ ಇತ್ತು.

ಡಾಕ್ಟರು ಜೀಪಿನ ಮೆಟ್ಟಿಲ ಮೇಲೆ ಕುಸಿದು ಕೂತರು. ಪಾಪ, ಮೂರು ತಿಂಗಳ ಮೇಲೆ ಮೊದಲ ಸಲ ಹೊಟ್ಟೆತುಂಬ ಉಂಡಿದ್ದ ಮನುಷ್ಯ.

"ನಮ್ಮಪ್ಪನ ಟಗರು ಕಂಬಳಿ ಉಣ್ಣಿ ಕೊಡತೈತಿ," ಎಂದಳು ಅಕ್ಕನಾಗಮ್ಮ. "ಕಂಬಳಿ ಉಣ್ಣಿ ಬೇಕಂದ್ರ ಕೇಳ್ರಿ, ಕೊಡ್ತಾನ. ಈ ಮೆತ್ತನ್ನ ಉಣ್ಣಿ ಬೇಕಂದ್ರ ಲಾರಿಯಾಗ ನನ್ನ ಒಯ್ಬೇಕಾಗತೈತಿ."

ಡಾಕ್ಟರು ಅಂಗೈಯ ದಾರವನ್ನು ಎತ್ತಿ ಬೆಳಕಿಗೆ ಹಿಡಿದರು. ಎಳೆ ಕೂಡಿಸಿದ ಗಂಟು ಎಲ್ಲಿದೆ ಎಂದು ಹುಡುಕಿದರು, ಸಿಗಲಿಲ್ಲ. ಮೊದಲು ಅವರ ಭುಜ ಅಲ್ಲಾಡಿತು, ಆಮೇಲೆ ಹೊಟ್ಟೆ, ಆಮೇಲೆ ಜೀಪು. ಅಷ್ಟು ನಗುವ ಸರ್ಕಾರಿ ಅಧಿಕಾರಿಯನ್ನು ನಾನು ಅದಕ್ಕೆ ಮುಂಚೆಯೂ ನೋಡಿಲ್ಲ, ಆಮೇಲೆಯೂ ನೋಡಿಲ್ಲ. ಲಾರಿಯ ಹಿಂಬಾಗಿಲು ಹಾಕಿಸಿದರು. ಉಚ್ಚೆಂಗಪ್ಪ ಟಗರಿನ ಕೊರಳ ಹಗ್ಗ ಬಿಚ್ಚಿ, ಅದು ಹಿಂಡಿಗೆ ಹೋಗುವವರೆಗೂ ನೋಡುತ್ತ ನಿಂತ.

ಉಳಿದದ್ದು ಪ್ರಶಸ್ತಿ ಪತ್ರ. ಮುದ್ರೆಯ ನಂಬರಿದ್ದ ಕಾಗದ, ಬರೆಯದೆ ತಿರುಗಿ ಒಯ್ದರೆ ಯಾಕೆ ಎಂದು ಮೂರು ಪುಟ ವಿವರಣೆ ಕೊಡಬೇಕು. ಡಾಕ್ಟರು ಕಣ್ಣೊರೆಸಿಕೊಂಡು ಪೆನ್ನು ತೆಗೆದರು. "ಉಣ್ಣೆ ಉತ್ತಮ, ಅದರಲ್ಲಿ ಸುಳ್ಳಿಲ್ಲ. ಇದು ನಿಮ್ಮ ಕೈಗೇ ಸೇರಬೇಕು ಅಕ್ಕನಾಗಮ್ಮನವರೇ" ಎಂದು 'ಮಾಲೀಕರ ಹೆಸರು' ಎಂಬ ಸಾಲಿನ ಮುಂದೆ ಅವಳ ಹೆಸರು ಬರೆದರು. ಊರವರು ಚಪ್ಪಾಳೆ ತಟ್ಟಿದರು. ಅಕ್ಕನಾಗಮ್ಮನ ಮುಖ ಕೆಂಪಾಯಿತು, ಒಂದು ಕ್ಷಣ ಕಣ್ಣೂ ತುಂಬಿತು. ಡಾಕ್ಟರ ಪೆನ್ನು ಮುಂದಿನ ಸಾಲಿಗೆ ಬಂದು ನಿಂತಿತು.

"ಟಗರಿನ ಹೆಸರು ಎಂದು ಇದೆ. ಖಾಲಿ ಬಿಡುವ ಹಾಗಿಲ್ಲ."

"ಟಗರಿಗೆ ಹೆಸರ್ಯಾಕ್ರಿ?" ಎಂದ ಉಚ್ಚೆಂಗಪ್ಪ. "ಬಾ ಅಂದ್ರ ಬರತೈತಿ."

ಅಕ್ಕನಾಗಮ್ಮ ತಲೆಯೆತ್ತಿ ಗಂಡನನ್ನು ನೋಡಿದಳು. ಗುಡ್ಡಪ್ಪ ಎದೆಯವರೆಗಿನ ಸ್ವೆಟರಿನಲ್ಲಿ, ಮೈಗೆ ಸುತ್ತಿಕೊಂಡ ದಾರದಲ್ಲಿ, ಇಬ್ಬರು ಹಿಡಿದುಕೊಂಡ ಮೇಲೂ ತಲೆ ತಿರುಗುತ್ತ ನಿಂತಿದ್ದ. "ತಪ್ಪಾತು" ಎಂದ. ಯಾರೂ ಏನೂ ಕೇಳಿರಲಿಲ್ಲ, ಆದರೂ ಹೇಳಿದ, ಒಂದೇ ಮಾತು. ನಾನು ಅವನನ್ನು ಬಲ್ಲ ಅಷ್ಟೂ ವರ್ಷಗಳಲ್ಲಿ ಅವನ ಬಾಯಿಂದ ಮೊದಲು ಬಂದ ಉತ್ತರವೇ ನಿಜವಾಗಿದ್ದದ್ದು ಅದೊಂದೇ ಸಲ.

"ಬರ್ಕೊಳ್ರಿ ಸಾಹೇಬ್ರ, ಹೆಸರು ಹೇಳ್ತೀನಿ" ಎಂದಳು ಅಕ್ಕನಾಗಮ್ಮ, ಮತ್ತು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಹೆಂಗಸರಿಗೆ ತಕ್ಷಣ ತಿಳಿಯಿತು. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಲೇಬೇಕಾದರೆ ಮದುವೆಯಲ್ಲೋ ಬಸುರಿಯ ಕುಬಸದಲ್ಲೋ ನಾಲ್ಕು ಜನರ ಮುಂದೆ ಒಡಪು ಕಟ್ಟಿ, ಪ್ರಾಸದ ನಡುವೆ ಹೆಸರನ್ನು ಹೆಣೆದು ಹೇಳಬೇಕು. "ಒಡಪು ಹಾಕಿ ಹೇಳವ್ವ" ಎಂದು ಹಿಂದಿನಿಂದ ಯಾರೋ ಕೂಗಿದರು. ವಡ್ಡಿನ ಜನವೆಲ್ಲ ಹತ್ತಿರ ಸರಿಯಿತು. ಅಕ್ಕನಾಗಮ್ಮ ತಾಯಿಯ ಕೈಯಲ್ಲಿದ್ದ ದಾರದ ಉಂಡೆಯನ್ನು ನೋಡುತ್ತ, ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಹೇಳಿದಳು:

"ಕೋಡಿಲ್ಲ, ಬಾಲಿಲ್ಲ, ಮೈಮ್ಯಾಲ ಉಣ್ಣಿಲ್ಲ,
ಬಾಯಾಗ ಸುಳ್ಳೈತಿ, ಮನಸಿನಾಗ ಮುಳ್ಳಿಲ್ಲ,
ಸಂತಿಗಿ ಒಯ್ದರ ಒಬ್ರೂ ಕೊಳ್ಳಂಗಿಲ್ಲ,
ಸರಕಾರ ಕೇಳಿದ್ರೂ ಗುಡ್ಡಪ್ಪನ್ನ ನಾ ಕೊಡಂಗಿಲ್ಲ."

ಡಾಕ್ಟರು ಹೆಸರು ಬರೆದು, ಕೆಳಗೆ ಸರ್ಕಾರದ ಮುದ್ರೆ ಒತ್ತಿದರು.